ಸಾವಿನ ಮನೆಗೆ ಬಾಡಿಗೆಯಿಲ್ಲ

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಸುವುದೆಂದರೆ ನನ್ನ ಹೆಂಡತಿಗೆ ಬಲು ಉತ್ಸಾಹ. ಅಟ್ಟದ ಮೇಲಿರುವ ನನ್ನ ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಧೂಳು ಕೊಡವಿ, ಇದೇನು ಎಂದು ಕೇಳಲು ಅವಳಿಗೆ ವರ್ಷಕ್ಕೊಮ್ಮೆ ಸಿಕ್ಕುವ ಅವಕಾಶ ಅದು. ಈ ಸಲ ಇಳಿದು ಬಂದದ್ದು ಒಂದು ರಟ್ಟಿನ ಡಬ್ಬ. ಅದರ ತುಂಬ ವಿಸಿಟಿಂಗ್ ಕಾರ್ಡುಗಳು. ಕಟ್ಟಿದ್ದ ರಬ್ಬರ್ ಬ್ಯಾಂಡು ಕರಗಿ ಮೇಲಿನ ಕಾರ್ಡಿಗೆ ಅಂಟಿಹೋಗಿತ್ತು. ಒಂದು ಮೂಲೆಯಲ್ಲಿ ಗಣಪತಿ, ಇನ್ನೊಂದು ಮೂಲೆಯಲ್ಲಿ ಬಾಳೆಕಂದು, ನಡುವೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಅದರಡಿ 'ಶಾಮಿಯಾನ, ಚೇರು, ಪಾತ್ರೆ ಬಾಡಿಗೆಗೆ ದೊರೆಯುತ್ತದೆ' ಎಂಬ ಸಾಲು. ಎಲ್ಲಕ್ಕಿಂತ ಕೆಳಗೆ, ಕೆಂಪಿನಲ್ಲಿ, 'ಸಾವಿನ ಮನೆಗೆ ಸಂಪೂರ್ಣ ಉಚಿತ.' ಆ 'ಸಂಪೂರ್ಣ' ಎಂಬುದು ನನ್ನದೇ ಸೇರ್ಪಡೆ. ಪ್ರೆಸ್ಸಿನವನು ಬರಿ 'ಉಚಿತ' ಎಂದು ಜೋಡಿಸಿದ್ದ. ನಾನು ಎದುರಿಗೆ ನಿಂತು, ಇನ್ನೊಂದು ಪದ ಹಾಕಪ್ಪ, ತೂಕ ಬರಲಿ ಎಂದಿದ್ದೆ.

ಹೆಂಡತಿ ಎಸೆಯಲಿಲ್ಲ. ಹಿಂಬದಿ ಖಾಲಿ ಇದೆ, ಕಾಗದ ಗಟ್ಟಿಯಾಗಿದೆ ಎಂದು ದಿನಸಿ ಪಟ್ಟಿ ಬರೆಯಲು ಇಟ್ಟುಕೊಂಡಳು. ಮೊನ್ನೆ ಅಂಗಡಿಯವನು ತೊಗರಿಬೇಳೆ, ಸಾಸಿವೆ, ಬಟ್ಟೆ ಸೋಪು ಎಂದು ಓದಿಕೊಂಡು ಕಾರ್ಡನ್ನು ಮಗುಚಿ ನೋಡಿದವನು, ಇದು ನೀವೇನಾ ಸಾರ್ ಎಂದು ನಕ್ಕ. ನಾನೂ ನಕ್ಕೆ. ನನ್ನ ಮಟ್ಟಿಗೆ ಆ ಕಾರ್ಡು ಬೇರೆಯವರು ನಗುವುದಕ್ಕಿಂತ ಹೆಚ್ಚು ನಗೆಪಾಟಲಿನದು. ಯಾಕೆಂದು ಹೇಳುತ್ತೇನೆ.

ಮೊದಲು ಶಾಮಿಯಾನದ ವಿಷಯ. ನೀವು ಹಗಲು ಹೊತ್ತು ಶಾಮಿಯಾನದ ಕೆಳಗೆ ಕುಳಿತಿರುತ್ತೀರಿ, ಆದರೆ ತಲೆಯೆತ್ತಿ ನೋಡಿದ್ದೀರೋ ಇಲ್ಲವೋ ಗೊತ್ತಿಲ್ಲ. ನಮ್ಮೂರು ಉಡಿಗಾಲದಲ್ಲಿ ನಾನು ಸಣ್ಣವನಾಗಿದ್ದಾಗ ಯಾರ ಮನೆ ಮುಂದೆ ಅದನ್ನು ಕಟ್ಟಿದರೂ ನಾವು ನಾಲ್ಕೈದು ಹುಡುಗರು ಕೆಳಗೆ ಅಂಗಾತ ಮಲಗಿಬಿಡುತ್ತಿದ್ದೆವು. ಬಿಸಿಲು ಆ ಬಟ್ಟೆಯೊಳಗಿಂದ ಇಳಿದು ಒಬ್ಬನ ಮುಖ ಕೆಂಪು, ಒಬ್ಬನದು ಹಸಿರು. ಹಳದಿ ಪಟ್ಟೆಯ ಕೆಳಗೆ ಕುಳಿತಿದ್ದ ನಮ್ಮಮ್ಮ ಅರಿಶಿನ ಬಳಿದುಕೊಂಡ ಮದುಮಗಳ ಹಾಗೆ ಕಾಣುತ್ತಿದ್ದಳು. ಸುತ್ತಿಟ್ಟ ಜಮಖಾನಕ್ಕೆ ಹಳೇ ಸಾರು, ಕುಂಕುಮ, ಇಲಿ, ಮಳೆನೀರು ಎಲ್ಲ ಬೆರೆತ ಒಂದು ವಾಸನೆ ಇರುತ್ತಿತ್ತು. ಈಗಲೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಆ ಬಣ್ಣದ ನೆರಳಿನ ವ್ಯಾಪಾರಕ್ಕೇ ಮುಂದೆ ನಾನು ಬಿದ್ದೆ. ಪಿ.ಯು.ಸಿ.ಯನ್ನು ಎರಡು ಸಲ ಕಟ್ಟಿ ಎರಡು ಸಲವೂ ಲೆಕ್ಕಶಾಸ್ತ್ರದಲ್ಲಿ ಬಿದ್ದ ಮೇಲೆ ನನಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ.

ನನ್ನ ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿತ್ತು. ಭಾವ ಮಹದೇವಸ್ವಾಮಿಯವರಿಗೆ ಅಲ್ಲಿ ಊಟಿ ರಸ್ತೆಯ ಹಿಂದಿನ ಬೀದಿಯಲ್ಲಿ ಶಾಮಿಯಾನದ ಅಂಗಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಒಂದು ಬಟ್ಟೆ ಚೀಲ ಹಿಡಿದು ಅಲ್ಲಿ ಇಳಿದಾಗ ಅಂಗಡಿಯಲ್ಲಿ ಇದ್ದದ್ದು ನಾಲ್ಕು ಶಾಮಿಯಾನ, ನೂರು ಚಿಲ್ಲರೆ ಕಬ್ಬಿಣದ ಚೇರು, ಒಂದಷ್ಟು ಹಂಡೆ, ತಪ್ಪಲೆ, ಕೊಪ್ಪರಿಗೆ. ಪ್ರತಿ ಪಾತ್ರೆಯ ಕಂಠದ ಮೇಲೂ 'ಮ.ಸ್ವಾ.' ಎಂದು ಕೆತ್ತಿಸಿತ್ತು. ಭಾವ ಮಾತಿನವರಲ್ಲ. ಗಿರಾಕಿ ಬಂದರೆ ಎಷ್ಟು ಜನ, ಯಾವತ್ತು, ಯಾವೂರು ಎಂದು ಕೇಳಿ ಮುಗಿಸುತ್ತಿದ್ದರು. ಉಳಿದ ಮಾತನ್ನೆಲ್ಲ ನಾನು ವಹಿಸಿಕೊಂಡೆ. ಮಾತು ನನಗೆ ಚೆನ್ನಾಗಿ ಬರುತ್ತದೆ, ಅದೇ ನನ್ನ ಕಷ್ಟ.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸಾವಿನ ಮನೆಗೆ ಹೋದ ಸಾಮಾನಿಗೆ ಬಾಡಿಗೆ ಇಲ್ಲ. ಗೋಡೆಯ ಮೇಲೆ ಬರೆಸಿರಲಿಲ್ಲ, ಯಾರಿಗೂ ಹೇಳುತ್ತಲೂ ಇರಲಿಲ್ಲ. ಮಾರನೇ ದಿನ ಯಾರೋ ಕೆಂಪು ಕಣ್ಣಿನವರು ಬಂದು ಎಷ್ಟಾಯಿತು ಎಂದು ಕೇಳಿದರೆ ಭಾವ ಹಗ್ಗ ಸುತ್ತುತ್ತ, ಏನಿಲ್ಲ ಹೋಗಿ ಎನ್ನುತ್ತಿದ್ದರು. ಇದರ ಹಿಂದೆ ಏನೋ ಒಂದು ದೊಡ್ಡ ಕಥೆ ಇರಬೇಕು, ಬಾಲ್ಯದಲ್ಲಿ ಅವರ ಮನೆಯಲ್ಲಿ ಸಾವಾದಾಗ ಯಾರೋ ಪಾತ್ರೆ ಕೊಡದೆ ನೋಯಿಸಿರಬೇಕು ಎಂದೆಲ್ಲ ನಾನು ಊಹಿಸಿಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು, ಪಾಪ, ನನಗೋಸ್ಕರ ಏನಾದರೂ ಸಿಕ್ಕೀತೋ ಎಂದು ಹುಡುಕಿದ ಹಾಗೆ.

"ಸತ್ತ ಮನಲಿ ಬಾಡ್ಗ ಕೇಳಕ ನಂಗ ಬಾಯಿ ಬರಲ್ಲ ಕಣ್ಲಾ. ಅಷ್ಟೆಯ."

ನನಗೆ ನಿರಾಸೆಯಾಯಿತು. ಆದರೆ ಎರಡು ವರ್ಷ ಅಂಗಡಿಯಲ್ಲಿ ಕೂತ ಮೇಲೆ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಇವತ್ತು ಸಾವಿಗೆ ಚೇರು ಒಯ್ದ ಮನೆಯವರು ಮುಂದೆ ಮದುವೆಗೆ ಬೇರೆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಅವರ ನೆಂಟರೂ ನಮ್ಮಲ್ಲಿಗೇ ಬರುತ್ತಿದ್ದರು. ನಾಲ್ಕು ಶಾಮಿಯಾನ ಒಂಬತ್ತಾದವು. ಪ್ಲಾಸ್ಟಿಕ್ ಚೇರು ಬಂದವು, ಒಂದು ಗೂಡ್ಸ್ ಆಟೋ ಬಂತು. ಆಹಾ, ವ್ಯಾಪಾರದ ಗುಟ್ಟು ಸಿಕ್ಕಿತು ಎಂದು ನಾನು ಟೀ ಅಂಗಡಿಯಲ್ಲಿ, ಈರುಳ್ಳಿ ಮಂಡಿಯಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳತೊಡಗಿದೆ. ಒಂದು ಕಡೆ ಬಿಟ್ಟರೆ ಹತ್ತು ಕಡೆ ಬರುತ್ತದೆ ಎಂದು ಕೈ ಎತ್ತಿ ವಿವರಿಸುತ್ತಿದ್ದೆ. ಭಾವ ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದೆ. ಯಾಕೋ ಅವರ ಮುಂದೆ ಅದನ್ನು ಹೇಳಲು ನಾಚಿಕೆ.

ಆ ಹುರುಪಿನಲ್ಲಿ ಮೈಸೂರಿಗೆ ಹೋಗಿ ಹೊಸ ಶಾಮಿಯಾನದ ಅಂಚಿಗೆ ಅಂಗಡಿಯ ಹೆಸರನ್ನು ಮೊಳ ಉದ್ದದ ಅಕ್ಷರದಲ್ಲಿ ಹೊಲಿಸಿಕೊಂಡು ಬಂದೆ. ಮೊದಲನೇ ಸಲ ಅದು ಹೋದದ್ದು ಒಂದು ಸಾವಿಗೆ. ನಾನು ರಸ್ತೆಗೆ ಕಾಣುವ ಹಾಗೆ ಕಟ್ಟಿಸಿದ್ದೆ. ಭಾವ ಹಿಂದಿನಿಂದ ಬಂದವರು ಗೂಟದ ಹಗ್ಗ ಬಿಚ್ಚಿ ಹೆಸರಿರುವ ಬದಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಕಟ್ಟಿದರು. ಅಳುತ್ತ ಕೂತಿರುವವರ ತಲೆ ಮೇಲೆ ನಮ್ಮ ಹೆಸರು ಯಾಕೆ ಎಂದು ಗೊಣಗಿಕೊಂಡದ್ದು ಕೇಳಿಸಿತು. ಅಷ್ಟು ಚೆಂದದ ಅಕ್ಷರ ಗೋಡೆ ನೋಡುತ್ತ ನಿಂತವು.

ಇನ್ನು ಮೇಲಿನದು ಹೇಳಲು ಸ್ವಲ್ಪ ಕಷ್ಟ. ಆದರೂ ಇಷ್ಟು ಹೇಳಿದ ಮೇಲೆ ನಿಲ್ಲಿಸುವಂತಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಅಂಗಡಿಯ ಮೆಟ್ಟಿಲಿನ ಆಚೆ ಒಬ್ಬ ನಿಂತಿದ್ದ. ಖಾಕಿ ಅಂಗಿ, ಕಾಲಲ್ಲಿ ಚಪ್ಪಲಿ ಇಲ್ಲ. ಹೆಸರು ರಾಚಯ್ಯ. ನಮ್ಮ ತಾಲ್ಲೂಕಿನದೇ ಮದ್ದೂರಿನ ಕಾಡಂಚಿನ ಒಂದು ಊರಿನ ಕಾಲೋನಿಯವನು, ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರು. ಕಾಲೋನಿ ಎಂದರೆ ಯಾರು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಒಂದು ಕೂಗಳತೆ ದೂರ, ಊರಿನ ಬಾವಿ ದೇವಸ್ಥಾನ ಎರಡರಿಂದಲೂ ದೂರ ಇಟ್ಟವರ ಕೇರಿ. ಅವನು ಅದಾಗಲೇ ಗುಂಡ್ಲುಪೇಟೆಯ ಬೇರೆ ಎರಡು ಶಾಮಿಯಾನದ ಅಂಗಡಿಗೆ ಹೋಗಿ ಬಂದಿದ್ದ. ಎಲ್ಲ ಬುಕ್ ಆಗಿದೆ ಎಂದಿದ್ದರಂತೆ. ಆಷಾಢದ ಹಾಗೆ ಖಾಲಿ ಬಿದ್ದಿದ್ದ ವಾರ ಅದು.

"ಸ್ವಾಮಿ, ಅವ್ವ ತೀರ್ಕಂಡ್ಳು. ಬಿಸ್ಲು ಜಾಸ್ತಿ ಅದ, ದೂರದಿಂದ ನೆಂಟ್ರು ಬತ್ತಾವ್ರ. ನಿಮ್ತಾವಾದ್ರೂ ಸಿಕ್ಕದ?"

ಭಾವ ಕೇಳಿದ್ದು ಎಂದಿನ ಪ್ರಶ್ನೆಯನ್ನೇ. ಎಷ್ಟು ಜನ ಬರುತ್ತಾರೆ ಎಂದು.

ಗೂಟ ಹೊಡೆಯುವ ಆಳುಗಳು ಅವತ್ತು ಒಬ್ಬೊಬ್ಬರಾಗಿ ಕಾಣೆಯಾದರು. ಭಾವ ಮತ್ತು ನಾನೇ ಹೋದೆವು. ಭಾವ ಗುಂಡಿ ತೋಡಿದರು, ಕಂಬ ನೆಟ್ಟರು, ಕಾಲೋನಿಯ ಹುಡುಗರು ಹಗ್ಗ ಎಳೆದರು. ನೀರು ಕಾಯಿಸಲು ನಮ್ಮ ದೊಡ್ಡ ಹಂಡೆ ಇಳಿಯಿತು, ಬಂದವರಿಗೆ ಅನ್ನ ಮಾಡಲು ಕೊಪ್ಪರಿಗೆ ಇಳಿಯಿತು. ಕೆಲಸ ಮುಗಿದ ಮೇಲೆ ರಾಚಯ್ಯನ ಹೆಂಡತಿ ಎರಡು ಲೋಟ ಕಾಫಿ ತಂದಳು. ಭಾವ ಒಂದು ಚೇರಿನಲ್ಲಿ ಕೂತು ಕುಡಿದರು. ನಾನು ಹೊಟ್ಟೆನೋವು ಎಂದೆ. ಆಕೆ ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಜೀರಿಗೆ ಕಷಾಯ ಕಾಯಿಸಿಕೊಂಡು ಬಂದಳು. ಅತ್ತೆಯ ಹೆಣ ನಡುಮನೆಯಲ್ಲಿದೆ. ಯಾರೋ ಪರಿಚಯವಿಲ್ಲದವನ ಹೊಟ್ಟೆನೋವಿಗೆ ಆಕೆ ಒಲೆ ಹಚ್ಚಿದ್ದಾಳೆ. ನಾನು ಅದನ್ನೂ ಬೇಡವೆಂದು ಆಟೋದ ಹಿಂದೆ ಹೋಗಿ ನಿಂತೆ. ಆಕೆ ಲೋಟ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಒಳಗೆ ಹೋದಳು. ಆಕೆಗೆ ಗೊತ್ತಾಗಿತ್ತು. ಇಂಥದ್ದು ಅವರಿಗೆ ಗೊತ್ತಾಗದೆ ಇರುತ್ತದೆಯೇ.

ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ವಾರದೊಳಗೆ ಈರುಳ್ಳಿ ಮಂಡಿಯ ಯಜಮಾನರು ಅಂಗಡಿಗೆ ಬಂದರು. ಊರಿನಲ್ಲಿ ತೂಕದ ಮನುಷ್ಯ, ಮಗಳ ಮದುವೆಗೆ ನಮ್ಮಲ್ಲೇ ಎಲ್ಲ ಹೇಳಿದ್ದವರು. ಅವರು ಜೋರು ಮಾತಾಡುವವರಲ್ಲ. ಬಿಸಿಲು, ಈರುಳ್ಳಿಯ ರೇಟು, ಕೇರಳದ ಲಾರಿಗಳ ವಿಷಯವೆಲ್ಲ ಆಡಿ, ಎದ್ದು ನಿಂತ ಮೇಲೆ, ನಮಗೆ ಬರುವ ಪಾತ್ರೆ ಆ ಕಡೆಗೆ ಹೋದದ್ದು ಅಲ್ಲ ತಾನೆ ಎಂದು ಮೆಲ್ಲಗೆ ಕೇಳಿದರು.

"ಪಾತ್ರ ಎಲ್ಲಾ ಒಂದೇಯ ಯಜಮಾನ್ರೇ. ತೊಳ್ದು ಕಳುಸ್ತೀವಿ, ತೊಳ್ದು ಇಟ್ಕತೀವಿ," ಎಂದರು ಭಾವ.

ಹಾಗೆ ಅನ್ನುವ ಬದಲು 'ಅಲ್ಲ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಜಮಾನರಿಗೂ ಬೇಕಾಗಿದ್ದದ್ದು ಆ ಒಂದು ಸುಳ್ಳು ಮಾತ್ರ. ಅವರ ಮದುವೆ ಕೈತಪ್ಪಿತು. ಅದರ ಹಿಂದೆಯೇ ಆ ಬೀದಿಯ ಇನ್ನೊಂದು, ಪಕ್ಕದ ಬೀದಿಯ ಮೂರು. ಚೇರುಗಳು ಒಂದರ ಮೇಲೊಂದು ಚಾವಣಿಯವರೆಗೆ ಏರಿ ನಿಂತವು. ನಾನು ರಾತ್ರಿ ಹಗಲು ಯೋಚಿಸಿ, ನನ್ನ ಲೆಕ್ಕಕ್ಕೆ ಬಹಳ ಜಾಣತನದ್ದು ಎನಿಸಿದ ಒಂದು ಉಪಾಯ ತಂದೆ. ಒಂದು ಸೆಟ್ಟು ಪಾತ್ರೆಯನ್ನು ಆ ಕಡೆಗೇ ಅಂತ ಬೇರೆ ಇಟ್ಟುಬಿಡೋಣ, ತಳಕ್ಕೆ ಒಂದು ನೀಲಿ ಚುಕ್ಕೆ ಇಟ್ಟರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

"ನಂಗ ಗೊತ್ತಾಯ್ತದಲ್ಲ," ಎಂದರು. "ಆ ಚುಕ್ಕಿ ಪಾತ್ರನ ರಾಚಯ್ಯನ ಬಾಗ್ಲಗ ಯಾವ ಮೊಕ ಒತ್ಗಂಡು ಇಳಸ್ಲಾ ನಾನು?"

ನಾನು ಅವತ್ತು ಬಹಳ ಮಾತಾಡಿದೆ. ಹೊಟ್ಟೆಪಾಡು ಎಂದೆ, ಅಕ್ಕನ ಮಕ್ಕಳು ಎಂದೆ, ಊರಿನ ಎದುರು ಈಜಬಾರದು ಎಂದೆ. ಅವರು ಕೇಳಿಸಿಕೊಂಡು, ನಿನಗೆ ಸರಿ ಕಂಡದ್ದು ನೀನು ಮಾಡು ಎಂದರು. ನಾನು ಮಾಡಿದೆ. ಯಜಮಾನರು ಜಾಗ ಕೊಡಿಸಿದರು, ನೆಂಟರು ಕೈ ಜೋಡಿಸಿದರು, ಎರಡು ಬೀದಿ ಆಚೆ ನನ್ನ ಅಂಗಡಿ ಶುರುವಾಯಿತು. ಬೋರ್ಡಿನಲ್ಲಿ 'ಹೊಸ ಪಾತ್ರೆಗಳು' ಎಂದು ಬರೆಸಿದೆ. ಅದರ ಅರ್ಥ ಓದಲು ಬಾರದವರಿಗೂ ತಿಳಿಯಿತು. ಪೂಜೆಯ ದಿನ ಅಕ್ಕ ಬಂದಳು, ಮಂಗಳಾರತಿ ತೆಗೆದುಕೊಂಡಳು, ಬೋರ್ಡನ್ನು ಒಮ್ಮೆ ನೋಡಿ ಹೊರಟುಹೋದಳು. ಭಾವ ಎರಡು ಹೊಸ ಬಾಣಲೆ ಕಳಿಸಿದ್ದರು, ಹೆಸರು ಕೆತ್ತಿಸದೆ.

ಮೊದಲ ವರ್ಷ ನನ್ನದೇ ವರ್ಷ. ಬೀದಿಬೀದಿಯ ಮದುವೆ ನನಗೇ. ಆಗಲೇ ಆ ಕಾರ್ಡು ಅಚ್ಚು ಹಾಕಿಸಿದ್ದು. ವ್ಯಾಪಾರದ ಗುಟ್ಟು ಗೊತ್ತಿದ್ದವನಲ್ಲವೇ ನಾನು, ಸಾವಿನ ಮನೆಗೆ ಉಚಿತ ಎಂದು ಸಾರಿದೆ. ಕಳಿಸುತ್ತಿದ್ದದ್ದು ಮಾತ್ರ ತೂತು ಬಿದ್ದ ಹಳೇ ಶಾಮಿಯಾನ, ಕಾಲು ಅಲುಗುವ ಚೇರು. ಒಂದು ಸಲ ಒಂದು ಸಾವಿನ ಮನೆಯಲ್ಲಿ, ತಂದೆಯ ಹೆಣಕ್ಕೆ ನೀರು ಹಾಕಿ ಎದ್ದ ಮಗನ ಹತ್ತಿರ ಹೋಗಿ, ಮುಂದೆ ಏನಾದರೂ ಶುಭಕಾರ್ಯವಿದ್ದರೆ ಎಂದು ಕಾರ್ಡು ಕೊಟ್ಟೆ. ಅವನು ಒದ್ದೆ ಕೈಗಳೆರಡನ್ನೂ ಚಾಚಿ ಪ್ರಸಾದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡ. ಏನೆಂದು ನೋಡಲಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದೆ, ಉಟ್ಟಿದ್ದ ಒದ್ದೆ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವನ ಮನೆಯ ಶುಭಕಾರ್ಯ ಮುಂದೆ ನನಗೆ ಬರಲಿಲ್ಲ. ಬರಬಾರದಿತ್ತು ಕೂಡ.

ಅತ್ತ ಭಾವನ ಅಂಗಡಿಯಲ್ಲಿ ನಾನು ಕಾಣದ ಒಂದು ಸಂಗತಿ ನಡೆಯುತ್ತಿತ್ತು. ರಾಚಯ್ಯನ ಮಾತು ಕಾಲೋನಿಯಿಂದ ಕಾಲೋನಿಗೆ ಹೋಯಿತು. ವಾಚರುಗಳು, ರಸ್ತೆ ಕೆಲಸದವರು, ಪುರಸಭೆಯ ಪೌರಕಾರ್ಮಿಕರು, ಹಾಸ್ಟೆಲಿನ ಅಡಿಗೆಯವರು, ತಾಲ್ಲೂಕು ಆಫೀಸಿನ ಅಟೆಂಡರುಗಳು. ಅವರ ಮನೆಗಳ ಮದುವೆಯೂ ಈಗ ದೊಡ್ಡದಾಗೇ ನಡೆಯುತ್ತಿತ್ತು. ಮಕ್ಕಳು ಟೀಚರು, ಕಾನ್‌ಸ್ಟೇಬಲ್ಲು, ನರ್ಸು ಆಗಿದ್ದರು. ಅದು ಒಂದು. ಇನ್ನೊಂದು ಇನ್ನೂ ದೊಡ್ಡದು. ಆಫೀಸಿನಲ್ಲಿ ಒಂದು ಸಮಾರಂಭ ಎಂದರೆ ಸಾಹೇಬರು ಏನು ಮಾಡುತ್ತಾರೆ? ಶಾಮಿಯಾನ ಹಾಕಿಸಪ್ಪ ಎನ್ನುತ್ತಾರೆ. ಯಾರಿಗೆ? ಅಟೆಂಡರಿಗೆ. ಆ ಅಟೆಂಡರು ಮಹದೇವಸ್ವಾಮಿಯ ಅಂಗಡಿಗೆ ಬರುತ್ತಿದ್ದ. ಬೀಳ್ಕೊಡುಗೆ, ಬಾವುಟ ಹಾರಿಸುವ ದಿನ, ಶಾಲೆಯ ವಾರ್ಷಿಕೋತ್ಸವ, ಆರೋಗ್ಯ ಶಿಬಿರ, ಎಲ್ಲವೂ. ಗುಂಡ್ಲುಪೇಟೆಯಲ್ಲಿ ಮುಗಿಯದೆ ಚಾಮರಾಜನಗರದ ಜಿಲ್ಲಾ ಕಚೇರಿಗಳವರೆಗೆ ಹೋಯಿತು. ಮದುವೆಗೆ ಮುಹೂರ್ತ ಬೇಕು. ಆಫೀಸಿನ ಸಮಾರಂಭಕ್ಕೆ ಆಷಾಢವೂ ಇಲ್ಲ ಪುಷ್ಯವೂ ಇಲ್ಲ. ಮೂರು ವರ್ಷದೊಳಗೆ ಭಾವನ ಹತ್ತಿರ ಸ್ವಂತ ಲಾರಿ, ಜನರೇಟರು, ಎರಡು ಸಾವಿರ ಚೇರು. ಅವರು ಯಾವುದನ್ನೂ ಎಣಿಸಿ ಮಾಡಿದ್ದಲ್ಲ. ಎಣಿಸಿ ಮಾಡಿದವನು ಎರಡು ಬೀದಿ ಆಚೆ ನೊಣ ಹೊಡೆಯುತ್ತಿದ್ದ.

ನನ್ನ ಗಿರಾಕಿಗಳಿಗೆ ಮದುವೆಗಳೆಲ್ಲ ಒಂದೇ ದಿನ ಬರುತ್ತಿದ್ದವು. ಒಳ್ಳೆಯ ಲಗ್ನವಿದ್ದ ದಿನ ನನ್ನ ಪಾತ್ರೆ ಸಾಲದೆ ಹೋಗುತ್ತಿತ್ತು. ಮೊದಲನೇ ಸಲ ಹಾಗಾದಾಗ ಬೇರೆ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಎಲ್ಲೂ ಸಿಗದೆ, ಭಾವನ ಮುಂದೆ ಹೋಗಿ ನಿಂತೆ. ಯಾರ ಮನೆಗೆ ಎಂದು ಅವರು ಕೇಳಲಿಲ್ಲ. ಎಷ್ಟು ಜನ ಎಂದು ಕೇಳಿದರು, ಗೋದಾಮಿನ ಬೀಗದ ಕೈ ಕೊಟ್ಟರು. ನಾನು ಆ ಕೊಪ್ಪರಿಗೆ, ತಪ್ಪಲೆಗಳನ್ನು ಯಜಮಾನರ ಬೀದಿಯ ಮದುವೆಗೇ ಇಳಿಸಿದೆ. ಸೌದೆ ಒಲೆಯ ಮಸಿ ಹಿಡಿಯಬಾರದೆಂದು ಪಾತ್ರೆಯ ತಳಕ್ಕೆ ಮಣ್ಣು ಬಳಿಯುವುದು ಅಡಿಗೆಯವರ ರೂಢಿ. ನಾನು ಅವರಿಗಿಂತ ಮುಂಚೆ ಹೋಗಿ ನಾನೇ ಮಣ್ಣು ಕಲಸಿ ಕಂಠದವರೆಗೆ ಬಳಿದೆ, 'ಮ.ಸ್ವಾ.' ಕಾಣದ ಹಾಗೆ. ಹೊಸ ಪಾತ್ರೆಯ ಅಡಿಗೆಯೇ ಬೇರೆ ಎಂದು ಯಜಮಾನರು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ನಾನು ಬಡಿಸುವವರ ಹಿಂದೆ ನಿಂತು ನಗುತ್ತಿದ್ದೆ. ಅವತ್ತಿನ ಆ ನಗು ಈಗಲೂ ನನ್ನ ಮುಖದ ಮೇಲೆ ಎಲ್ಲೋ ಅಂಟಿಕೊಂಡಿದೆ ಎಂದು ಅನುಮಾನ.

ಹೀಗೆ ಒಂದಲ್ಲ, ಮೂರು ಬೇಸಿಗೆ. ಪಾತ್ರೆ ತೊಳೆದು ವಾಪಸು ಕೊಡುವುದಾಗಿ ಹೇಳಿದರೂ ಅವಸರದಲ್ಲಿ ಹಾಗೇ ಕಳಿಸಿಬಿಡುತ್ತಿದ್ದೆ. ಮೂರನೇ ವರ್ಷ ಒಂದು ಮಧ್ಯಾಹ್ನ ನಾನೇ ಆಟೋದಲ್ಲಿ ತಂದು ಇಳಿಸುತ್ತಿದ್ದಾಗ ಅಕ್ಕ ಹಿತ್ತಲಲ್ಲಿ ಪಾತ್ರೆ ಉಜ್ಜಿಸುತ್ತಿದ್ದಳು. ಒಂದು ತಪ್ಪಲೆಯನ್ನು ನನ್ನ ಕಡೆ ಉರುಳಿಸಿದಳು.

"ಒಲ ಉರಿ ಕಂಠಕ್ಕ ಬರಲ್ಲ ಕಣ್ಲಾ ನಾಗ. ಅಲ್ಲಿಗ್ಯಾಕ ಮಣ್ಣು ಬಳ್ದೆ?"

ನಾನು ಆಟೋದಲ್ಲಿ ಉಳಿದಿದ್ದ ಕೊಪ್ಪರಿಗೆ ಇಳಿಸಲು ತಿರುಗಿದೆ.

"ಮೂರು ವರ್ಸದಿಂದ ನೋಡ್ತಾ ಇವ್ನಿ. ಅವ್ರೇ ಕೇಳ್ಬ್ಯಾಡ ಅಂದಿದ್ರು. ನಿನ್ನ ಮನಸು ನೊಂದ್ಕತದ ಅಂತ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಮನಸ್ಸು ನೊಂದುಕೊಳ್ಳುತ್ತದೆ ಎಂದು ಅವರು ಮೂರು ವರ್ಷ ತಮ್ಮ ಹೆಸರಿನ ಮೇಲೆ ಬಳಿದ ಮಣ್ಣನ್ನು ಸುಮ್ಮನೆ ತೊಳೆಸಿದ್ದರು. ಅವತ್ತಿನಿಂದ ನಾನು ಆ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಉಪಕಾರ ಮಾಡಿದವರ ಮನೆಗೆ ಹೋಗುವುದು ಬಹಳ ದಣಿವಿನ ಕೆಲಸ.

ಅಂಗಡಿ ಮುಚ್ಚಿದ್ದು ಅದಾದ ಒಂದು ವರ್ಷಕ್ಕೆ. ಮುಚ್ಚಿಸಿದವರು ಯಜಮಾನರೇ ಎನ್ನಬಹುದು. ಕಿರಿಯ ಮಗನ ಮದುವೆಯನ್ನು ತೋಟದಲ್ಲಿ ಭಾರಿಯಾಗಿ ಮಾಡಬೇಕೆಂದು ಹೊರಟರು. ಅಷ್ಟು ಸಾಮಾನು ತಾಲ್ಲೂಕಿನಲ್ಲಿ ಇದ್ದದ್ದು ಒಬ್ಬರ ಹತ್ತಿರ. ಯಜಮಾನರು ಭಾವನ ಅಂಗಡಿಗೆ ಹೋದರು. ಪಾತ್ರೆ ಎಲ್ಲೆಲ್ಲಿಗೆ ಹೋಗಿ ಬಂದದ್ದು ಎಂದು ಈ ಸಲ ಕೇಳಲಿಲ್ಲ. ಊಟಕ್ಕೆ ಕೂತ ಮಂದಿಯೂ ಕೇಳಲಿಲ್ಲ. ಆ ಬೀದಿಗಳ ಮದುವೆಗಳೂ ಅವರ ಹಿಂದೆಯೇ ಭಾವನ ಕಡೆಗೆ ಹೋದವು. ನಾನು ಅಕ್ಕನ ಮನೆಯನ್ನು ಬಿಟ್ಟು ಬಂದದ್ದು ಯಾವ ಕಟ್ಟಳೆಗೋಸ್ಕರವೋ ಅದು ಅವರಿಗೆ ಅನುಕೂಲವಿರುವವರೆಗೆ ಮಾತ್ರ ಇದ್ದ ಕಟ್ಟಳೆ. ನನ್ನ ಪಾತ್ರೆಗಳನ್ನು ತಾವೇ ಕೊಳ್ಳುವುದಾಗಿ ಭಾವ ಹೇಳಿಕಳಿಸಿದರು. ನಾನು ಹಟಕ್ಕೆ ಎಲ್ಲವನ್ನೂ ಗುಜರಿಗೆ ಹಾಕಿದೆ. ಅವರು ಕೊಟ್ಟ ಎರಡು ಬಾಣಲೆಯನ್ನೂ.

ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತು. ಸಂಬಳ, ವಾಸಕ್ಕೆ ಹಿಂದುಗಡೆ ಎರಡು ಕೋಣೆ. ನನ್ನ ಅನುಭವ ನೋಡಿ ಕೊಟ್ಟರು ಎಂದು ಆರು ತಿಂಗಳು ಬೀಗಿದೆ. ಆಮೇಲೆ ಒಂದು ದಿನ ಮಾಲೀಕರು ಮಾತಿನ ನಡುವೆ, ನಿಮ್ಮ ಭಾವನವರು ಅಷ್ಟು ಹೇಳಿದ ಮೇಲೆ ಇಲ್ಲವೆನ್ನಲು ಆಗಲಿಲ್ಲ ಎಂದರು. ಭಾವನ ಲಾರಿ ಮಂಟಪಕ್ಕೆ ಚೇರು ತಂದಾಗಲೆಲ್ಲ ಎಣಿಸಿಕೊಂಡು ಸಹಿ ಹಾಕುವವನು ನಾನೇ.

ಅದೇ ಮಂಟಪದಲ್ಲಿ ಒಂದು ಸಲ ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಊರಿನ ವ್ಯಾಪಾರಿಗಳೆಲ್ಲ ಸೇರಿ ಸಭೆ ಮಾಡಿದರು. ಸಣ್ಣದಾಗಿ ಶುರು ಮಾಡಿ ಮೇಲೆ ಬಂದ ನಾಲ್ಕು ಜನರಿಗೆ ಸನ್ಮಾನ. ಅದರಲ್ಲಿ ಭಾವ ಒಬ್ಬರು. ಶಾಲು ಹೊದೆಸಿ, ನಿಮ್ಮ ಯಶಸ್ಸಿನ ಗುಟ್ಟು ಎರಡು ಮಾತಲ್ಲಿ ಹೇಳಿ ಎಂದರು. ಭಾವ ಮೈಕಿನ ಮುಂದೆ ನಿಂತು ಬೆವೆತು, ನನ್ನ ಕಡೆ ಕೈ ತೋರಿಸಿ, ನಮ್ಮ ನಾಗ ಚೆನ್ನಾಗಿ ಮಾತಾಡುತ್ತಾನೆ ಎಂದು ಕೆಳಗಿಳಿದುಬಿಟ್ಟರು. ಊಟದ ಹಾಲಿನಲ್ಲಿ ಚೇರು ಕಡಿಮೆ ಬಿದ್ದಿವೆ ಎಂದು ಯಾರೋ ಹೇಳಿದ್ದರಂತೆ. ಶಾಲು ಹೆಗಲ ಮೇಲೆ ಹಾಕಿಕೊಂಡೇ ಅತ್ತ ಹೋದರು.

ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಸಾವಿನ ಮನೆಗೆ ಬಾಡಿಗೆ ಕೇಳದ ಕಥೆ ಹೇಳಿದೆ, ಶಾಮಿಯಾನದ ಹೆಸರನ್ನು ಗೋಡೆಗೆ ತಿರುಗಿಸಿದ್ದನ್ನು ಹೇಳಿದೆ, ಕೊಟ್ಟವನಿಗೆ ಹೇಗೆ ಬರುತ್ತದೆ ಎಂದು ಹೇಳಿದೆ. ಮುಂದಿನ ಸಾಲಿನಲ್ಲಿ ಯಜಮಾನರು ಕೂತಿದ್ದರು. ಇನ್ನೂ ಎರಡು ಶಾಮಿಯಾನದ ಅಂಗಡಿಯವರು ಕೂತಿದ್ದರು. ರಾಚಯ್ಯನ ಹೆಸರು ನಾಲಿಗೆಯ ತುದಿಗೆ ಬಂತು. ಯಜಮಾನರ ಮುಖ ನೋಡಿ ಅಲ್ಲೇ ನುಂಗಿದೆ. ಮಾತು ಚೆನ್ನಾಗಿ ಹೊಂದಿ ಬರುತ್ತಿತ್ತು, ಕೆಡಿಸುವುದು ಯಾಕೆ ಎನಿಸಿತು. ಚಪ್ಪಾಳೆ ಬಹಳ ಹೊತ್ತು ಹೊಡೆದರು.

ಮಾತು ಫಲ ಕೊಟ್ಟಿತು ಎಂದು ಒಪ್ಪಿಕೊಳ್ಳಬೇಕು. ಎರಡೇ ತಿಂಗಳಲ್ಲಿ ಸುತ್ತಮುತ್ತಲ ಶಾಮಿಯಾನದವರೆಲ್ಲ ಸಾವಿಗೆ ಉಚಿತ ಎಂದು ಫ್ಲೆಕ್ಸ್ ಕಟ್ಟಿದರು. ನಮ್ಮ ಉಡಿಗಾಲದಲ್ಲಿ ಸ್ಥಿತಿವಂತರ ಮನೆಯ ಒಬ್ಬ ಅಜ್ಜಿ ತೀರಿಕೊಂಡಾಗ ನಾನು ಹೋಗಿದ್ದೆ. ಮನೆ ಮುಂದೆ ಮೂರು ಗಾಡಿ ನಿಂತಿದ್ದವು. ಒಂದು ಅಂಗಡಿಯವನು ಒಂದು ತುದಿಯಿಂದ ಕಟ್ಟುತ್ತ ಬಂದಿದ್ದ, ಇನ್ನೊಬ್ಬ ಇನ್ನೊಂದು ತುದಿಯಿಂದ. ಮೂರನೆಯವನು ಜಾಗ ಸಿಗದೆ ತನ್ನ ಹೆಸರಿನ ಬಟ್ಟೆಯನ್ನು ಮಾತ್ರ ಹೆಣದ ತಲೆಯ ಹಿಂದಿನ ಗೋಡೆಗೆ ಕಟ್ಟಿಸಿದ್ದ. ಅಜ್ಜಿಯನ್ನು ನೋಡಲು ಬಂದವರು ಮೊದಲು ಅವನ ಮೊಬೈಲ್ ನಂಬರು ನೋಡುತ್ತಿದ್ದರು.

ಆ ಹೊತ್ತಿಗೆ ಭಾವನ ಗಾಡಿ ಬಂತು. ಅತ್ತೆ ಮನೆಯ ಊರಲ್ಲವೇ, ತಾವೇ ಬಂದಿದ್ದರು. ಇಳಿದು, ನೋಡಿ, ಅಜ್ಜಿಗೆ ಕೈಮುಗಿದು, ತಿರುಗಿ ಗಾಡಿ ಹತ್ತಿದರು. ನಾನೂ ಪಕ್ಕದಲ್ಲಿ ಹತ್ತಿ ಕೂತೆ. ಗಾಡಿ ಊರ ಬಾಗಿಲು ದಾಟಿತು.

"ಇದ ನೀನೇ ಯೋಳ್ಕೊಟ್ಟದ್ದ?" ಎಂದರು.

ಹೂಂ ಎಂದೆ. ಈ ಸಲವಾದರೂ ಬೈಯುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಆಸೆಪಟ್ಟೆ.

"ಒಳ್ಳೇದಾಯ್ತು ಬುಡು. ನಂದೊಂದೇ ಗಾಡಿ ಎಷ್ಟ್ ಕಡಗ ಅಂತ ಓಗದು. ಸತ್ತ ಮನಗ ನೆಳ್ಳಾದ್ರ ಆಯ್ತು, ಯಾರ್ದಾದ್ರೇನು."

ಅವರು ಚುಚ್ಚಿ ಹೇಳಿದ್ದಲ್ಲ. ಮುಖ ನೋಡಿದೆ, ನಿಜವಾಗಿ ಹಗುರಾಗಿದ್ದರು. ಸ್ವಲ್ಪ ದೂರ ಹೋದ ಮೇಲೆ ಏನೋ ನೆನಪಾದವರಂತೆ ನನ್ನ ಕಡೆ ತಿರುಗಿದರು.

"ಕಾಲೋನಿಗೂ ಓಯ್ತಾವ್ರ ಇವ್ರು?"

ನಾನು ಕಿಟಕಿಯ ಹೊರಗೆ ನೋಡಿದೆ. ಆ ಎರಡು ತಿಂಗಳಲ್ಲಿ ಒಬ್ಬನೇ ಒಬ್ಬನ ಗಾಡಿ ಆ ಕಡೆ ತಿರುಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಹೇಳಿಕೊಟ್ಟಷ್ಟನ್ನು ಅವರು ಅಚ್ಚುಕಟ್ಟಾಗಿ ಮಾಡುತ್ತಿದ್ದರು.

"ಯಾಕ, ನೀ ಯೋಳ್ನಿಲ್ವಾ ಅದ?"

"ಮರ್ತೋಯ್ತು ಬಾವ," ಎಂದೆ.

ಹೌದಾ ಎನ್ನುವ ಹಾಗೆ ತಲೆಯಾಡಿಸಿ, ಮುಂದಿನ ಸಲ ಮಾತಾಡುವಾಗ ಮರೆಯದೆ ಹೇಳು ಎಂದು ರಸ್ತೆಯ ಕಡೆ ತಿರುಗಿದರು. ನಂಬಿದ್ದರು. ನಾನು ಏನೇ ಹೇಳಲಿ, ಅವರು ನಂಬದೆ ಹೋದದ್ದು ಒಂದು ದಿನವೂ ಇಲ್ಲ.